ಬೆವರಿನ ಬೆಳಕು, ತೋಡಿನ ಬೆಳಕು

ಪುತ್ತೂರು ಪೇಟೆಯಲ್ಲಿ ಬೆಳಗಿನ ಐದೂವರೆಗೆ ದೀಪ ಕಾಣುತ್ತಿದ್ದುದು ಮಹಾಲಿಂಗೇಶ್ವರ ದೇವಸ್ಥಾನದಲ್ಲಿ, ಬಿಟ್ಟರೆ ಚಹಾದ ಹೋಟೆಲುಗಳಲ್ಲಿ. ಈಗ ಆ ಸಾಲಿಗೆ ಜಿಮ್ ಸೇರಿದೆ. ಬಸ್ ನಿಲ್ದಾಣದ ಕಡೆಯಿಂದ ನಡೆದು ಬರುವಾಗ ಯಾವುದೋ ಕಟ್ಟಡದ ಮಾಳಿಗೆಯಿಂದ ಕಬ್ಬಿಣದ ತಟ್ಟೆಗಳು ಒಂದಕ್ಕೊಂದು ತಾಗುವ ಸದ್ದು ಕೇಳಿಸುತ್ತದೆ. ಕೋಟಿ-ಚೆನ್ನಯರ ನಾಡಿಗೆ ಗರಡಿ ಹೊಸತೇನಲ್ಲ. ಹೊಸತೆಂದರೆ ಗೋಡೆ ತುಂಬ ಕನ್ನಡಿ, ತಂಪುಗಾಳಿಯ ಯಂತ್ರ ಮತ್ತು ಎಷ್ಟು ತುಳಿದರೂ ಇದ್ದಲ್ಲೇ ಇರುವ ಸೈಕಲ್.

"ಈ ಸೈಕಲಿಗೆ ಡೈನಮೊ ಕಟ್ಟಿದರೆ ಕರೆಂಟು ಬಿಲ್ಲೇ ಬೇಡವಲ್ಲ ಸರ್?" ವಿಜ್ಞಾನ ವಸ್ತುಪ್ರದರ್ಶನ ಹತ್ತಿರವಾಗುತ್ತಿದ್ದಂತೆ ಪ್ರತಿ ವರ್ಷವೂ ಯಾರಾದರೊಬ್ಬ ವಿದ್ಯಾರ್ಥಿ ಕೇಳುವ ಪ್ರಶ್ನೆ ಇದು. ಈ ಸಲ ಕೇಳಿದವನು ಕಡಬದ ಕಡೆಯ ಒಂಬತ್ತನೆಯ ತರಗತಿಯ ಹುಡುಗ. ಅವನಿಗೆ ಬೇಕಾದದ್ದು ಬಹುಮಾನವಲ್ಲ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಕಡಿದರೆ ಅವನ ಮನೆಗೆ ಎರಡು ಮೂರು ದಿನ ಕರೆಂಟು ಇರುವುದಿಲ್ಲ. ರಬ್ಬರ್ ಟ್ಯಾಪಿಂಗ್ ಮಾಡುವ ತಂದೆ ನಾಲ್ಕು ಸಾವಿರ ರೂಪಾಯಿ ಕೊಡಲು ಸಿದ್ಧರಿದ್ದರು. ಕೊಡಬಹುದೇ ಎಂದು ಮಾತ್ರ ತಿಳಿಯಬೇಕಿತ್ತು. ನಾಲ್ಕು ಸಾವಿರವೆಂದರೆ ಆ ಮನೆಗೆ ಸಣ್ಣ ಮೊತ್ತವಲ್ಲ. ದಸರಾ ರಜೆಯಲ್ಲಿ ಮೂರು ತಾಲೂಕುಗಳನ್ನು ಒಂದು ಸುತ್ತು ಹಾಕಿದೆ.

ಮೊದಲು ಪುತ್ತೂರಿನ ಜಿಮ್. ಅಲ್ಲಿನ ವ್ಯಾಯಾಮದ ಸೈಕಲಿನ ಮುಂದೆ ಒಂದು ಸಣ್ಣ ತೆರೆ. ತುಳಿಯುವವನ ಸಾಮರ್ಥ್ಯ ಅದರಲ್ಲಿ ವ್ಯಾಟ್‌ಗಳಲ್ಲಿ ಮೂಡುತ್ತದೆ. ಗಟ್ಟಿಮುಟ್ಟಾದ ಯುವಕನೊಬ್ಬ ಹತ್ತಿದ. ಆರಂಭದ ಹುರುಪಿನಲ್ಲಿ 200 ದಾಟಿತು, ಐದು ನಿಮಿಷದಲ್ಲಿ 140, ಆಮೇಲೆ 100ರ ಆಚೀಚೆ ನಿಂತಿತು. ಅದೇ ಸರಿ. ಆರೋಗ್ಯವಂತನೊಬ್ಬ ಗಂಟೆಗಟ್ಟಲೆ ಕೊಡಬಲ್ಲ ಸಾಮರ್ಥ್ಯ 75ರಿಂದ 100 ವ್ಯಾಟ್. ಒಂದು ಗಂಟೆ ತುಳಿದರೆ ಯೂನಿಟ್‌ನ ಹತ್ತನೆಯ ಒಂದು ಪಾಲು. ಬೆಲ್ಟು, ಡೈನಮೊ, ಬ್ಯಾಟರಿ ತಮ್ಮ ಪಾಲು ಹಿಡಿದುಕೊಂಡ ಮೇಲೆ ಕೈಗೆ ಸಿಗುವುದು ಸುಮಾರು 60 ವ್ಯಾಟ್-ಗಂಟೆ. ಯೂನಿಟ್‌ಗೆ ಆರು ರೂಪಾಯಿ ಎಂದಿಟ್ಟುಕೊಂಡರೆ ಅದರ ಬೆಲೆ 36 ಪೈಸೆ!

ತಲೆಯ ಮೇಲೆ ತಿರುಗುತ್ತಿದ್ದ ಒಂದೂವರೆ ಟನ್ನಿನ ತಂಪುಗಾಳಿಯ ಯಂತ್ರಕ್ಕೆ ಸುಮಾರು 1500 ವ್ಯಾಟ್ ಬೇಕು. ನಷ್ಟವನ್ನೆಲ್ಲ ಲೆಕ್ಕಕ್ಕೆ ಹಿಡಿದರೆ ಅದೊಂದನ್ನು ನಡೆಸಲು ಇಪ್ಪತ್ತೈದು ಜನ ಬಿಡದೆ ತುಳಿಯಬೇಕು. ಅಷ್ಟು ಜನರ ಮೈಯ ಕಾವು ಕೋಣೆಗೆ ಸೇರಿದರೆ ಆ ಯಂತ್ರಕ್ಕೆ ಇನ್ನಷ್ಟು ಕೆಲಸ. ಪಕ್ಕದ ಟ್ರೆಡ್‌ಮಿಲ್ ಅಂತೂ ಕರೆಂಟು ಕೊಡುವ ಯಂತ್ರವೇ ಅಲ್ಲ, ತಿನ್ನುವ ಯಂತ್ರ. ಅದರ ಪಟ್ಟಿಯನ್ನು ಓಡಿಸುವುದು ಒಳಗಿನ ಮೋಟಾರು.

ಇದನ್ನು ಮಾಡಿ ನೋಡಿದವರಿಲ್ಲವೆಂದಲ್ಲ. 2007ರಲ್ಲಿ ಹಾಂಗ್‌ಕಾಂಗ್‌ನ ಜಿಮ್ ಒಂದರಲ್ಲಿ ವ್ಯಾಯಾಮದ ಯಂತ್ರಗಳಿಂದ ದೀಪ ಉರಿಸಿದರು. ಮರುವರ್ಷ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಇದಕ್ಕೆಂದೇ ಒಂದು ಜಿಮ್ ತೆರೆಯಿತು. 2015ರಲ್ಲಿ ಲಕ್ನೋ ಮೂಲದ ಅಮೆರಿಕದ ಉದ್ಯಮಿ ಮನೋಜ್ ಭಾರ್ಗವ ಅವರು ಒಂದು ಗಂಟೆ ತುಳಿದರೆ ಹಳ್ಳಿಮನೆಗೆ ದಿನವಿಡೀ ಕರೆಂಟು ಕೊಡುವ ಸೈಕಲನ್ನು ಪ್ರಕಟಿಸಿದಾಗ ಬಹಳ ಸುದ್ದಿಯಾಯಿತು. ವಿದ್ಯಾರ್ಥಿಗಳು ಇಲ್ಲಿ ಒಂದು ಭಾಗಾಕಾರ ಮಾಡಬೇಕು. 100 ವ್ಯಾಟ್-ಗಂಟೆಯನ್ನು 24ರಿಂದ ಭಾಗಿಸಿದರೆ ನಾಲ್ಕು ವ್ಯಾಟ್ ಚಿಲ್ಲರೆ. ಒಂದು ಪುಟ್ಟ ಎಲ್‌ಇಡಿ ಬಲ್ಬು ದಿನವಿಡೀ ಉರಿದೀತು, ಫ್ಯಾನು ತಿರುಗದು. ಅದೇ ವರ್ಷ ಜರ್ಮನಿಯ ಸೈಕಲ್ ಓಟಗಾರ ರಾಬರ್ಟ್ ಫೋರ್ಸ್ಟ್‌ಮನ್ 700 ವ್ಯಾಟ್‌ನ ಟೋಸ್ಟರ್ ಒಂದಕ್ಕೆ ಸೈಕಲ್ ತುಳಿದು ಕರೆಂಟು ಕೊಟ್ಟರು. ಮರದ ಬೊಡ್ಡೆಯಂಥ ತೊಡೆಗಳ ಆ ಮನುಷ್ಯ ಒಂದು ಬ್ರೆಡ್ ತುಂಡು ಕೆಂಪಗಾಗುವಷ್ಟರಲ್ಲಿ ಸುಸ್ತಾಗಿ ನೆಲಕ್ಕೊರಗಿದರು.

ಇನ್ನೊಂದು ಲೆಕ್ಕ ನಮ್ಮ ಅಡುಗೆಮನೆಯದು. ತಿಂದ ಅನ್ನದ ಶಕ್ತಿಯಲ್ಲಿ ಪೆಡಲಿಗೆ ಮುಟ್ಟುವುದು ಹೆಚ್ಚೆಂದರೆ ನಾಲ್ಕರಲ್ಲಿ ಒಂದು ಪಾಲು; ಉಳಿದದ್ದು ಕಾವಾಗಿ ಹೋಗುತ್ತದೆ. ಒಂದು ಗಂಟೆಯ ತುಳಿತಕ್ಕೆ ನೂರು ಗ್ರಾಂ ಕುಚ್ಚಲಕ್ಕಿಯ ಗಂಜಿ ಬೇಕು. ಕಿಲೋಗೆ ಐವತ್ತು ರೂಪಾಯಿ ಅಕ್ಕಿಯಾದರೆ ಐದು ರೂಪಾಯಿಯ ಗಂಜಿ ಕುಡಿದು 36 ಪೈಸೆಯ ಕರೆಂಟು ಮಾಡಿದಂತಾಯಿತು. ಹೇಗೂ ಬೊಜ್ಜು ಕರಗಿಸಲು ತುಳಿಯುವವನಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ, ನಿಜ.

ಮಾಣಿ-ಮೈಸೂರು ಹೆದ್ದಾರಿಯಲ್ಲಿ ಕುಂಬ್ರ, ಜಾಲ್ಸೂರು ದಾಟಿದರೆ ಸುಳ್ಯ. ಪಯಸ್ವಿನಿಯ ದಂಡೆಯ ಈ ಊರು ಕುರುಂಜಿ ವೆಂಕಟರಮಣ ಗೌಡರು ಕಟ್ಟಿದ ವಿದ್ಯಾಸಂಸ್ಥೆಗಳಿಂದ ದೊಡ್ಡದಾದದ್ದು. ಇಲ್ಲಿಯೂ ಜಿಮ್‌ಗಳಿವೆ. ಆದರೆ ನನ್ನ ಮನಸ್ಸು ಹಿಡಿದದ್ದು ಅಡಿಕೆ ತೋಟದ ಹಿರಿಯರೊಬ್ಬರ ಮಾತು. "ನಮಗೆ ಏತವೇ ಜಿಮ್ಮು ಮಾಸ್ಟ್ರೇ. ಹೊತ್ತು ಮೂಡುವ ಮೊದಲು ಹತ್ತಿದರೆ ತೋಟ ಒದ್ದೆಯಾದ ಮೇಲೆ ಇಳಿಯುವುದು." ಕುಳಿತಲ್ಲೇ ಲೆಕ್ಕ ಹಾಕಿದೆ. ಇಪ್ಪತ್ತು ಲೀಟರಿನ ಮರಿಗೆ, ನಾಲ್ಕು ಮೀಟರ್ ಆಳ, ನಿಮಿಷಕ್ಕೆ ಎಂಟು ಸಲ. ಸುಮಾರು 105 ವ್ಯಾಟ್. ಏತದ ಕಾಲದ ಮೈಗೂ ಜಿಮ್ಮಿನ ಕಾಲದ ಮೈಗೂ ವ್ಯತ್ಯಾಸವೇ ಇಲ್ಲ! ಒಂದು ಕೆಲಸ ಅಡಿಕೆಯಾಯಿತು, ಇನ್ನೊಂದು ಬರೀ ಬೆವರು, ಅಷ್ಟೆ.

ಸುಳ್ಯದಿಂದ ಗುತ್ತಿಗಾರಿನ ದಾರಿ ಹಿಡಿದರೆ ಗುಡ್ಡಗಳು ಹತ್ತಿರವಾಗುತ್ತ ಬರುತ್ತವೆ. ಎದುರಿಗೆ 1712 ಮೀಟರ್ ಎತ್ತರದ ಕುಮಾರಪರ್ವತ. ಮಳೆ ನಿಂತು ವಾರಗಳಾದರೂ ರಸ್ತೆಯ ಬದಿಯಲ್ಲಿ ತೋಡುಗಳು ಹರಿಯುತ್ತಲೇ ಇದ್ದವು. ಈ ಕಡೆಯ ತೋಟದ ಮನೆಯೊಂದರ ಹಿಂದೆ ಶೆಡ್ಡಿನೊಳಗೆ ಸಣ್ಣ ಟರ್ಬೈನ್ ಇದೆ. ಗುಡ್ಡದ ಮೇಲೆ ತೋಡಿಗೆ ಕಟ್ಟ ಹಾಕಿ, ಪೈಪಿನಲ್ಲಿ ನೀರು ಇಳಿಸಿ, ಚಕ್ರದ ಬಟ್ಟಲುಗಳಿಗೆ ಬಡಿಸುತ್ತಾರೆ. ನಮ್ಮ ಮಲೆಗಳ ಅಂಚಿನ ಹಲವು ತೋಟದ ಮನೆಗಳಲ್ಲಿ ಇಂಥವು ವರ್ಷಗಳಿಂದ ತಿರುಗುತ್ತಿವೆ.

ಜಿಮ್ಮಿನ ಹುಡುಗನನ್ನು ಇದರ ಪಕ್ಕದಲ್ಲಿ ನಿಲ್ಲಿಸಿ ನೋಡೋಣ. ಸೆಕೆಂಡಿಗೆ ಒಂದು ಲೀಟರ್ ನೀರು ಹತ್ತು ಮೀಟರ್ ಕೆಳಗೆ ಬಿದ್ದರೆ ಅದರ ಸಾಮರ್ಥ್ಯ 98 ವ್ಯಾಟ್. ಒಂದು ಕೊಡ ತುಂಬಲು ಹದಿನೈದು ಸೆಕೆಂಡು ಹಿಡಿಯುವ ಕಿರುಧಾರೆ ಒಬ್ಬ ಯುವಕನ ಸಮ! ಈ ಮನೆಯ ಪೈಪಿನಲ್ಲಿ ಬರುವುದು ಸೆಕೆಂಡಿಗೆ ಸುಮಾರು ಏಳು ಲೀಟರ್, ಬೀಳುವ ಎತ್ತರ ಮೂವತ್ತು ಮೀಟರ್. ಅರ್ಧ ನಷ್ಟವಾದರೂ ಒಂದು ಕಿಲೋವ್ಯಾಟ್ ಸಿಗುತ್ತದೆ. ಊಟ, ನಿದ್ದೆ, ಸಂಬಳ ಕೇಳದೆ ದಿನಕ್ಕೆ 24 ಯೂನಿಟ್. ಮರ ಬಿದ್ದು ತಂತಿ ಕಡಿಯುವ ಆಷಾಢದಲ್ಲಿಯೇ ತೋಡು ತುಂಬಿರುತ್ತದೆ ಎಂಬುದು ಇನ್ನೊಂದು ಅನುಕೂಲ. ಜನವರಿ ದಾಟಿದರೆ ಮಾತ್ರ ಚಕ್ರಕ್ಕೆ ರಜೆ.

ಸುಬ್ರಹ್ಮಣ್ಯದಲ್ಲಿ ಕುಮಾರಧಾರೆಯ ಸ್ನಾನಘಟ್ಟದ ಬಳಿ ಸ್ವಲ್ಪ ಹೊತ್ತು ಕುಳಿತು ಕಡಬಕ್ಕೆ ಹೋದೆ. ಹುಡುಗನ ಮನೆ ದಿಣ್ಣೆಯ ಮೇಲೆ, ನೀರು ಇರುವುದು ಕೆಳಗಿನ ಬಾವಿಯಲ್ಲಿ. ಇಲ್ಲಿ ಟರ್ಬೈನಿನ ಮಾತೇ ಇಲ್ಲ. 2023ರಲ್ಲಿ ಬಂದ ಗೃಹಜ್ಯೋತಿಯಿಂದ ಬಿಲ್ಲಿನ ಚಿಂತೆಯೂ ಅವರಿಗಿಲ್ಲ. ಬೇಕಾದದ್ದು ಕತ್ತಲೆಯ ರಾತ್ರಿ ಓದಲು ಎರಡು ಬಲ್ಬು ಮತ್ತು ಒಂದು ಮೊಬೈಲಿಗೆ ಚಾರ್ಜು.

ಅಷ್ಟಕ್ಕೆ ಕಾಲು ಸಾಕು. ಐದು ವ್ಯಾಟ್‌ನ ಎರಡು ಎಲ್‌ಇಡಿ ನಾಲ್ಕು ಗಂಟೆ ಉರಿದರೆ 40 ವ್ಯಾಟ್-ಗಂಟೆ, ಮೊಬೈಲಿಗೆ ಒಂದು 20. ಒಟ್ಟು 60. ಮನೆಯ ನಾಲ್ವರು ಕಾಲು ಕಾಲು ಗಂಟೆ ತುಳಿದರಾಯಿತು. ಕಾರಿನ ಆಲ್ಟರ್ನೇಟರ್ ತರುತ್ತೇನೆಂದು ಹುಡುಗ ಹೊರಟಿದ್ದ, ಅದು ಬೇಡವೆಂದೆ. ಅದಕ್ಕೆ ವೇಗ ಬಹಳ ಬೇಕು, ಒಳಗಿನ ಕಾಂತವನ್ನು ಎಬ್ಬಿಸಲಿಕ್ಕೇ ಒಂದಷ್ಟು ಕರೆಂಟು ಹೋಗುತ್ತದೆ. ಶಾಶ್ವತ ಕಾಂತವಿರುವ ಡಿ.ಸಿ. ಮೋಟಾರು ಒಳ್ಳೆಯದು. ಹಾಳಾದ ಟ್ರೆಡ್‌ಮಿಲ್‌ಗಳಲ್ಲಿ ಅಂಥದು ಸಿಗುತ್ತದೆ. ಪುತ್ತೂರಿನ ಜಿಮ್ಮಿನ ಮೂಲೆಯಲ್ಲಿ ಅಂಥದ್ದೊಂದು ಧೂಳು ಹಿಡಿದು ಬಿದ್ದಿತ್ತು, ಗುಜರಿಯ ಬೆಲೆಗೆ ಕೊಡಲು ಅವರು ಒಪ್ಪಿದರು. ಮೋಟಾರಿಗೂ ಬ್ಯಾಟರಿಗೂ ನಡುವೆ ಒಂದು ಡಯೋಡ್ ಹಾಕಲೇಬೇಕು. ಇಲ್ಲವಾದರೆ ತುಳಿಯುವುದನ್ನು ನಿಲ್ಲಿಸಿದೊಡನೆ ಬ್ಯಾಟರಿಯೇ ಮೋಟಾರನ್ನು ತಿರುಗಿಸತೊಡಗುತ್ತದೆ. ಕೂಡಿಟ್ಟದ್ದು ಖಾಲಿ. ಅದೇಕೆ ಹಾಗೆಂದು ಹುಡುಗನಿಗೇ ಬಿಟ್ಟೆ. ಪೆನ್ಸಿಲ್ ಹಿಡಿದು ಚಿತ್ರ ಬರೆಯುತ್ತ ಅಂಗಳದಲ್ಲಿ ಕುಳಿತ.

ತಂದೆ ನೇರವಾಗಿ ಕೇಳಿದರು. "ಸೋಲಾರು ಒಳ್ಳೆಯದಾ, ಇದು ಒಳ್ಳೆಯದಾ ಮಾಸ್ಟ್ರೇ?" 50 ವ್ಯಾಟ್‌ನ ಪ್ಯಾನೆಲ್ ಒಳ್ಳೆಯ ಬಿಸಿಲಿನ ದಿನ ಸುಮಾರು 200 ವ್ಯಾಟ್-ಗಂಟೆ ಕೊಡುತ್ತದೆ, ಮೂರು ಗಂಟೆಗೂ ಹೆಚ್ಚಿನ ತುಳಿತ ಅದು. ವರ್ಷದ ಎಂಟು ತಿಂಗಳು ಪ್ಯಾನೆಲೇ ಮೇಲು. ಆದರೆ ಇವರ ಮನೆ ಕತ್ತಲಾಗುವುದು ಉಳಿದ ನಾಲ್ಕು ತಿಂಗಳಲ್ಲಿ, ಮೋಡ ಬಿಚ್ಚದ ದಿನಗಳಲ್ಲಿ. ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಸ್ವಲ್ಪ ಹೊತ್ತು ಮಗನ ಚಿತ್ರ ನೋಡಿದರು.

"ಹಾಗಾದರೆ ಮೊದಲು ಬ್ಯಾಟರಿ ತಕೊಳ್ಳುವ. ಅದು ಎರಡಕ್ಕೂ ಬೇಕಲ್ಲ" ಎಂದರು.