ಅಕ್ಷರ ಬಂದ ಮೇಲೆ ಬೇಲೂರಿಗೆ

ಮಗುವಿಗೆ ಅಕ್ಷರಮಾಲೆ ಬಂತು, ಕಾಗುಣಿತ ಬಂತು, ಒತ್ತಕ್ಷರವೂ ಬಂತು. ಇನ್ನೇನು, ಓದು ಬಂದ ಹಾಗೇ ಅಂತ ನಾವು ತಾಯಂದಿರು ಉಸ್ಸೆಂದು ಕೂರುತ್ತೇವೆ. ಆದರೆ ಸೋದರಿಯರೇ, ನಮ್ಮ ಕನ್ನಡದಲ್ಲಿ ಒಂದು ತಮಾಷೆ ಇದೆ. ಹೆಚ್ಚುಕಡಿಮೆ ಬರೆದ ಹಾಗೇ ಓದುವ ಭಾಷೆ ಇದು. ಅಕ್ಷರ ಗೊತ್ತಿರುವ ಮಗು ದಿನಪತ್ರಿಕೆಯ ಸಂಪಾದಕೀಯವನ್ನೂ ಗಡಗಡ ಓದಿಬಿಟ್ಟೀತು. ಓದಿದ್ದೇನು ಅಂತ ಕೇಳಿ ನೋಡಿ, ಪಿಳಿಪಿಳಿ ಕಣ್ಣು ಬಿಡುತ್ತದೆ.

ನನ್ನ ತಂಗಿಯ ಮಗ ಪುಟ್ಟನದೂ ಇದೇ ಕಥೆ. ಆರು ವರ್ಷದ ಹುಡುಗ. ಶಾಲೆಗೆ ಹಾಕದೆ ಅಪ್ಪ ಅಮ್ಮ ಮನೆಯಲ್ಲೇ ಕಲಿಸುತ್ತಿದ್ದಾರೆ. ತಂಗಿಯ ಅತ್ತೆಯವರಿಗೆ ಇದು ಸುತರಾಂ ಇಷ್ಟವಿಲ್ಲ. ಬೇಸಿಗೆ ಕಳೆಯುವುದರೊಳಗೆ ಓದು ಸರಿಹೋಗದಿದ್ದರೆ ಶಾಲೆಗೆ ಸೇರಿಸುವುದೇ ಸೈ ಅಂತ ಮನೆಯಲ್ಲಿ ಮಾತಾಯಿತು. ತಂಗಿ ಗಾಬರಿಯಾಗಿ ದಿನಕ್ಕೆ ನಾಲ್ಕು ಪುಟ ಓದಿಸತೊಡಗಿದಳು. ಪುಟ್ಟ ಪುಸ್ತಕವನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಡತೊಡಗಿದ! "ಪುಸ್ತಕ ಅಲ್ಲೇ ಇರಲಿ ಬಿಡೇ, ಒಂದು ದಿನ ಬೇಲೂರಿಗೆ ಕರಕೊಂಡು ಹೋಗಿ ಬರ್ತೀನಿ" ಅಂದೆ.

ನಿಮ್ಮ ಮನೆಯಲ್ಲೂ ಇಂಥ ಮಗು ಇದ್ದರೆ ನೀವೂ ಹೀಗೆ ಹೊರಡಬಹುದು. ಹಾಸನದಿಂದ ಬೇಲೂರು ಸುಮಾರು 40 ಕಿಲೋಮೀಟರ್. ಬೆಳಿಗ್ಗೆ ಬೇಗ ಹೊರಟರೆ ಬಿಸಿಲೇರುವ ಮೊದಲೇ ದೇವಸ್ಥಾನ ನೋಡಬಹುದು. ಚಪಾತಿ, ಚಟ್ನಿಪುಡಿ, ಒಂದು ಡಬ್ಬಿ ಮೊಸರನ್ನ ಕಟ್ಟಿಕೊಳ್ಳಿ. ಜೊತೆಗೆ ಒಂದು ನೋಟ್‌ಬುಕ್ಕು, ಪೆನ್ಸಿಲ್ಲು.

ಪಾಠ ಶುರುವಾಗುವುದು ಬಸ್ ನಿಲ್ದಾಣದಲ್ಲೇ. "ನಮ್ಮ ಬಸ್ಸು ಯಾವುದೋ, ನೀನೇ ಹುಡುಕು" ಅಂದು ಸುಮ್ಮನೆ ನಿಂತುಕೊಳ್ಳಿ. ಪುಟ್ಟ ಬೋರ್ಡುಗಳನ್ನೆಲ್ಲ ನೋಡುತ್ತಾ ಬಂದವನು ಒಂದು ಕಡೆ ನಿಂತ. "ಇದು ಚಿಕ್ಕಮಗಳೂರಿಗೆ ಹೋಗತ್ತೆ ದೊಡ್ಡಮ್ಮ, ಆದ್ರೆ ಕೆಳಗೆ ಬೇಲೂರು ಅಂತ ಸಣ್ಣಕ್ಕೆ ಬರ್ದಿದೆ. ನಾವು ಹತ್ತಬಹುದಾ?" ನೋಡಿದಿರಾ, ಮನೆಯಲ್ಲಿ ಒಂದು ಸಾಲಿಗೂ ಅರ್ಥ ಕೇಳದ ಹುಡುಗ! ಓದಿದ್ದು ಕೆಲಸಕ್ಕೆ ಬರುತ್ತದೆ ಅಂತಾದರೆ ಮಕ್ಕಳು ತಾವಾಗಿಯೇ ಯೋಚಿಸುತ್ತಾರೆ.

ಬೇಲೂರಿನಲ್ಲಿ ದೇವಸ್ಥಾನದ ಹೊರಗೆ 'ಪಾದರಕ್ಷೆಗಳನ್ನು ಇಲ್ಲಿ ಬಿಡಿ' ಅಂತ ಬರೆದಿತ್ತು. ಪುಟ್ಟ ಒಂದಕ್ಷರವೂ ತಪ್ಪದೆ ಜೋರಾಗಿ ಓದಿ, ಚಪ್ಪಲಿ ಹಾಕಿಕೊಂಡೇ ಮುಂದೆ ನಡೆದ! ನಗು ಬಂದರೂ ನಗಬೇಡಿ. ಕೂರಿಸಿಕೊಂಡು ಪದ ಬಿಡಿಸಿ ಹೇಳಿ. ಪಾದ ಅಂದರೆ ಕಾಲು, ರಕ್ಷೆ ಅಂದರೆ ಕಾಪಾಡುವುದು, ಕಾಲನ್ನು ಕಾಪಾಡುವುದು ಯಾವುದು? "ಚಪ್ಪಲಿ!" ಎಂದು ಕೂಗಿದ. ನಾವು ಮನೆಯಲ್ಲಿ ಆಡುವ ಕನ್ನಡ ಬೇರೆ, ಬರೆಯುವ ಕನ್ನಡ ಬೇರೆ. ಮಗು ತಡವರಿಸುವುದು ಅಕ್ಷರದಲ್ಲಲ್ಲ, ಈ ಎರಡರ ನಡುವೆ.

ಚೆನ್ನಕೇಶವ ದೇವಾಲಯವನ್ನು ಹೊಯ್ಸಳ ವಿಷ್ಣುವರ್ಧನ ಕಟ್ಟಿಸಿದ್ದು 1117ರಲ್ಲಿ. ಒಂಬೈನೂರು ವರ್ಷದ ಮೇಲಾಯಿತು. ದರ್ಪಣಸುಂದರಿಯ ಮುಂದೆ ನಮ್ಮಂಥವರು ಮೈಮರೆಯುತ್ತೇವೆ, ಮಕ್ಕಳ ಕಣ್ಣು ಆನೆ ಸಾಲಿನ ಮೇಲೆ. ಆದರೆ ಒಂದು ಸಂಗತಿ ತಪ್ಪದೆ ಹೇಳಿ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು ತಾವು ಕಡೆದ ಶಿಲ್ಪಗಳಲ್ಲಿ ತಮ್ಮ ಹೆಸರನ್ನೂ ಕೆತ್ತಿದ್ದಾರೆ. "ಯಾಕೆ ಬರ್ಕೊಂಡ್ರು?" ಅಂತ ಪುಟ್ಟ ಕೇಳಿದ. "ನಾನು ಮಾಡಿದ್ದು ಅಂತ ನಿನಗೆ ಹೇಳೋದಕ್ಕೆ" ಅಂದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಅಕ್ಷರ ಅಂದರೆ ಯಾರೋ ನಮಗೆ ಹೇಳಿದ ಮಾತು. ಇದಿಷ್ಟು ಮಗುವಿನ ಮನಸ್ಸಿಗೆ ಇಳಿದರೆ ಅರ್ಧ ಕೆಲಸ ಆಯಿತು.

ಅದೇ ತಾಲ್ಲೂಕಿನಲ್ಲಿದೆ ಹಲ್ಮಿಡಿ. ಬೇಲೂರಿನಲ್ಲಿ ಆಟೋ ಮಾತಾಡಿಕೊಂಡು ಹೋಗಿಬನ್ನಿ. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದು ಸಿಕ್ಕಿದ ಊರು ಅದು, ಸುಮಾರು ಕ್ರಿ.ಶ. 450ರದ್ದು. ಡಾ. ಎಂ.ಎಚ್. ಕೃಷ್ಣ ಅವರು 1936ರಲ್ಲಿ ಅದನ್ನು ಬೆಳಕಿಗೆ ತಂದರು. ಮೂಲ ಕಲ್ಲು ಈಗ ಮೈಸೂರಿನಲ್ಲಿದೆ, ಊರಿನಲ್ಲಿ ಮಂಟಪ ಕಟ್ಟಿ ಪ್ರತಿಕೃತಿ ನಿಲ್ಲಿಸಿದ್ದಾರೆ. ಹದಿನಾರು ಸಾಲಿನ ಬರಹ. ಪುಟ್ಟ ಒಂದಕ್ಷರ ಗುರುತು ಹಿಡಿಯಲಾಗದೆ ನನ್ನ ಮುಖ ನೋಡಿದ. "ನನಗೂ ಬರಲ್ಲ ಕಣೋ, ತಿಳಿದವರು ಓದಿ ಹೇಳಿದ್ದಾರೆ" ಎಂದೆ. ಯುದ್ಧದಲ್ಲಿ ಶೌರ್ಯ ತೋರಿದ ವಿಜ ಅರಸನಿಗೆ ಎರಡು ಹಳ್ಳಿ ಕೊಟ್ಟರು ಅಂತ ಅದರಲ್ಲಿದೆ. ಒಂದು ಹಳ್ಳಿಯ ಹೆಸರು ಪಲ್ಮಡಿ, ಅದೇ ಇಂದಿನ ಹಲ್ಮಿಡಿ. ಹಿಂದೆ 'ಪಾಲು' ಅಂದದ್ದು ಈಗ 'ಹಾಲು', 'ಪೂವು' ಅಂದದ್ದು 'ಹೂವು'. ಪುಟ್ಟ ವಾಪಸು ಬರುವಾಗ ದಾರಿಯುದ್ದಕ್ಕೂ 'ಪಲ್ಲು, ಪುಲಿ, ಪಾವು' ಅಂತ ಮಾತು ತಿರುಗಿಸಿ ಆಡುತ್ತಲೇ ಇದ್ದ.

ಬೇಲೂರು ದೂರವಾಯಿತು ಅಂತೀರಾ? ನಿಮ್ಮೂರ ದೇವಸ್ಥಾನದ ಕಲ್ಲು, ಸಂತೆಯ ಬೋರ್ಡು, ರೈಲು ನಿಲ್ದಾಣ ಯಾವುದಾದರೂ ಆದೀತು. ಮನೆಗೆ ಬಂದ ಮೇಲೆ ಮಾಡಬೇಕಾದದ್ದು ಇಷ್ಟು:

ಮಗುವಿಗೆ ಓದು ಬಂತೆಂದು ನೀವು ಓದಿ ಹೇಳುವುದನ್ನು ನಿಲ್ಲಿಸಬೇಡಿ. ರಾತ್ರಿ ಹತ್ತು ನಿಮಿಷ ಸಾಕು. ಪುಸ್ತಕದ ಭಾಷೆ ಮೊದಲು ಕಿವಿಗೆ ಬೀಳಬೇಕು, ಆಮೇಲೆ ಕಣ್ಣಿಗೆ ಸುಲಭ.

ಒಂದು ಪುಟ ನೀವು, ಒಂದು ಪುಟ ಮಗು. ತಪ್ಪಿದ ಕೂಡಲೇ ತಿದ್ದಬೇಡಿ, ಸಾಲು ಮುಗಿಯಲಿ. ಅನೇಕ ಸಲ ತಾನೇ ಹಿಂದಿರುಗಿ ಸರಿ ಮಾಡಿಕೊಳ್ಳುತ್ತದೆ.

ಒಂದು ಪುಟದಲ್ಲಿ ಐದು ಪದಕ್ಕೆ ಅರ್ಥ ಗೊತ್ತಾಗದಿದ್ದರೆ ಆ ಪುಸ್ತಕ ಇನ್ನೂ ಭಾರ. ಅದನ್ನು ನೀವು ಓದಿ ಹೇಳಿ, ಹಗುರವಾದದ್ದನ್ನು ಮಗುವಿನ ಕೈಗೆ ಕೊಡಿ. ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್‌ನವರ ಚಿತ್ರದ ಪುಸ್ತಕಗಳು ಕನ್ನಡದಲ್ಲಿವೆ, ಬೆಲೆಯೂ ಕಡಿಮೆ. ಹತ್ತಿರದ ಗ್ರಂಥಾಲಯದಲ್ಲೂ ವಿಚಾರಿಸಿ.

ಓದಿದ ಪುಸ್ತಕವನ್ನೇ ಹತ್ತು ಸಲ ಓದಿದರೆ ಓದಲಿ. ನಾವು ಸಾರಿನ ರುಚಿ ಹಿಡಿದದ್ದು ಒಂದೇ ದಿನಕ್ಕೆ ಅಲ್ಲವಲ್ಲ!

ಪರೀಕ್ಷೆಯ ಪ್ರಶ್ನೆ ಬೇಡ. "ಆಮೇಲೆ ಏನಾಗಬಹುದು? ನೀನಾಗಿದ್ರೆ ಏನು ಮಾಡ್ತಿದ್ದೆ?" ಅಂತ ಮಾತಿಗೆ ಎಳೆಯಿರಿ.

ಪುಟ್ಟ ಈಗ ಮೊದಲಿನಷ್ಟು ವೇಗವಾಗಿ ಓದುವುದಿಲ್ಲ. ನಡುನಡುವೆ ನಿಂತು "ಹಾಗಂದ್ರೆ ಏನಜ್ಜಿ?" ಅಂತಾನೆ. ಮೊನ್ನೆ ಅಜ್ಜಿಯ ಔಷಧಿ ಚೀಟಿಯಲ್ಲಿದ್ದ 'ಊಟದ ನಂತರ' ಅನ್ನುವುದನ್ನು ಓದಿ, ಊಟಕ್ಕೆ ಮೊದಲೇ ಮಾತ್ರೆ ನುಂಗಲು ಹೊರಟಿದ್ದ ಅವರ ಕೈ ಹಿಡಿದನಂತೆ. ಶಾಲೆಯ ಮಾತನ್ನು ಅತ್ತೆಯವರು ಇನ್ನೂ ಬಿಟ್ಟಿಲ್ಲ. ಆದರೆ ಸಂಜೆಯ ಹೊತ್ತು ಕನ್ನಡಕ ಹಾಕಿಕೊಂಡು ಮೊಮ್ಮಗನ ಪಕ್ಕ ಕೂರುವವರು ಈಗ ಅವರೇ.