ಪತ್ತರ್‌ಗಟ್ಟಿಯ ಮುತ್ತು, ಒಂದು ಗೇಣು ತಂತಿ

ಹೈದರಾಬಾದಿಗೆ ಸಮುದ್ರವಿಲ್ಲ. ಆದರೂ ಇದು ಮುತ್ತಿನ ಊರು. ನಮ್ಮ ಕಲಬುರಗಿ ಕಡೆ ಮನೆಯಲ್ಲಿ ಮದುವೆ ಅಂದ್ರೆ ಈಗಲೂ ಒಂದು ಸಲ ಚಾರ್‌ಮಿನಾರ್ ಸುತ್ತಿ ಬರೋದು ಎಷ್ಟೋ ಮನೆಗಳ ವಾಡಿಕೆ. 1956ರವರೆಗೆ ನಾವೂ ಹೈದರಾಬಾದ್ ರಾಜ್ಯದವರೇ ಆಗಿದ್ವಲ್ಲ, ಆ ನಂಟು ಇನ್ನೂ ಬಿಟ್ಟಿಲ್ಲ. ಕೆಲಸಕ್ಕೆಂದು ಹೈಟೆಕ್ ಸಿಟಿಗೆ ಬಂದು ಮೂರು ವರ್ಷವಾದ ಮೇಲೆ ನಾನು ಆ ಬೀದಿಗೆ ಬೇರೆಯೇ ಕಾರಣಕ್ಕೆ ಹೋಗತೊಡಗಿದೆ. ತಂತಿ ಸುತ್ತಿ ಮುತ್ತಿನ ಕಿವಿಯೋಲೆ ಮಾಡೋದನ್ನು ಕಲಿಯಬೇಕಿತ್ತು.

ಮೆಟ್ರೊದಲ್ಲಿ ಎಂಜಿಬಿಎಸ್ ನಿಲ್ದಾಣದಲ್ಲಿ ಇಳಿದು, ನಯಾಪುಲ್ ಮೇಲೆ ಮೂಸಿ ನದಿ ದಾಟಿ, ಮದೀನಾ ಸರ್ಕಲ್‌ನಿಂದ ನೇರ ನಡೆಯಿರಿ. ದೂರದಲ್ಲಿ 1591ರ ಚಾರ್‌ಮಿನಾರ್ ಕಾಣುತ್ತದೆ. ಅದಕ್ಕೂ ಮೊದಲು ರಸ್ತೆಯ ಎರಡೂ ಬದಿ ಕಲ್ಲಿನ ಕಮಾನುಗಳ ಸಾಲು ಸಿಗುತ್ತದಲ್ಲ, ಅದೇ ಪತ್ತರ್‌ಗಟ್ಟಿ. 1908ರಲ್ಲಿ ಮೂಸಿ ಉಕ್ಕಿ ಊರು ಕೊಚ್ಚಿಹೋದ ನಂತರ ಹೊಸದಾಗಿ ಕಟ್ಟಿದ ಬಜಾರ್ ಇದು. ಬಳೆ ಬೇಕಾದವರು ಚಾರ್‌ಮಿನಾರ್ ಪಕ್ಕದ ಲಾಡ್ ಬಜಾರಿಗೆ ಹೋಗ್ತಾರೆ. ಮುತ್ತು ಬೇಕಾದವರು ಇಲ್ಲೇ ನಿಲ್ತಾರೆ.

ನಿಜಾಮರ ಕಾಲದಲ್ಲಿ ಮುತ್ತು ಬರುತ್ತಿದ್ದುದು ಪರ್ಷಿಯನ್ ಕೊಲ್ಲಿಯಿಂದ. ಅದಕ್ಕೇ ‘ಬಸ್ರಾ ಮುತ್ತು’ ಎಂಬ ಹೆಸರು. 1995ರಲ್ಲಿ ಭಾರತ ಸರ್ಕಾರ 218 ಕೋಟಿ ರೂಪಾಯಿಗೆ ಕೊಂಡ ನಿಜಾಮರ ಒಡವೆಗಳಲ್ಲಿ ಬಸ್ರಾ ಮುತ್ತಿನ ‘ಸತ್ಲಡ’, ಅಂದರೆ ಏಳೆಳೆಯ ಸರವೂ ಇದೆ. ಜಪಾನಿನವರು ಮುತ್ತನ್ನು ಸಾಕಿ ಬೆಳೆಸಲು ಕಲಿತ ಮೇಲೆ ಕೊಲ್ಲಿಯ ಮುಳುಗುಗಾರರ ಕಸುಬು ಕುಸಿಯಿತು. ಈಗ ಇಲ್ಲಿನ ಅಂಗಡಿಗಳಲ್ಲಿ ಸಿಗುವ ಬಹುಪಾಲು ಮುತ್ತು ಚೀನಾದ ಸಿಹಿನೀರಿನದು. ಮೊದಲೂ ಹೊರಗಿನದೇ, ಈಗಲೂ ಹೊರಗಿನದೇ. ಹೈದರಾಬಾದಿನದು ಅಂತ ಇರೋದು ಮುತ್ತು ಆರಿಸಿ, ತೂತು ಕೊರೆದು, ಪೋಣಿಸುವ ಕೈ ಮಾತ್ರ.

ಎಳೆಯ ಲೆಕ್ಕದಲ್ಲಿ ಮುತ್ತು ಕೊಳ್ಳಬಹುದು. ಅಕ್ಕಿಕಾಳಿನ ಆಕಾರದ್ದು, ಗುಂಡಿಯ ಹಾಗೆ ಚಪ್ಪಟೆಯದು, ಆಲೂಗಡ್ಡೆಯ ಹಾಗೆ ಸೊಟ್ಟಗಿನದು, ಪೂರ್ತಿ ದುಂಡಗಿನದು. ದುಂಡಗಿದ್ದಷ್ಟೂ ದುಬಾರಿ. ಕಲಿಯೋರಿಗೆ ಸೊಟ್ಟ ಮುತ್ತೇ ಸಾಕು. ಅಸಲಿಯೋ ಅಲ್ಲವೋ ನೋಡಲು ಒಂದನ್ನು ಹಲ್ಲಿನ ಅಂಚಿಗೆ ಮೆಲ್ಲಗೆ ಉಜ್ಜಿ. ಸ್ವಲ್ಪ ಮರಳು ಮರಳಾಗಿ ಅನಿಸಬೇಕು. ಗಾಜು, ಪ್ಲಾಸ್ಟಿಕ್ ಆದರೆ ಜಾರುತ್ತದೆ. ಎಲ್ಲವೂ ಅಚ್ಚಿನಲ್ಲಿ ತೆಗೆದಷ್ಟು ಒಂದೇ ಥರ ಇದ್ದರೂ ಅನುಮಾನಪಡಿ.

ಅವತ್ತು ಬ್ಯಾಗಿನಲ್ಲಿ ಅಮ್ಮನ ಮುತ್ತಿನ ಸರವೂ ಇತ್ತು. ಅವಳ ಮದುವೆಗೆ ಅಜ್ಜ ಇದೇ ಬೀದಿಯಲ್ಲಿ ಕೊಂಡದ್ದು. ರೇಷ್ಮೆ ದಾರ ಜೋತು ಮಾಸಿತ್ತು. ಕಮಾನಿನ ಕೆಳಗೆ ಬಿಳಿ ಬಟ್ಟೆ ಹಾಸಿಕೊಂಡು ಕೂತಿದ್ದ ಹಿರಿಯ ಕಸುಬುದಾರರೊಬ್ಬರು ಸರ ಬಿಚ್ಚಿ, ಹೊಸ ದಾರದಲ್ಲಿ ಒಂದೊಂದು ಮುತ್ತಿಗೂ ನಡುವೆ ಗಂಟು ಹಾಕುತ್ತಾ ಹೋದರು. ಆ ಗಂಟಿನಿಂದ ಮುತ್ತಿಗೆ ಮುತ್ತು ಉಜ್ಜಲ್ಲ. ದಾರ ಹರಿದರೂ ಎಲ್ಲವೂ ಚೆಲ್ಲಿಹೋಗಲ್ಲ. ಎರಡು ಮುತ್ತನ್ನು ಮಾತ್ರ ಪಕ್ಕಕ್ಕಿಟ್ಟರು. ಸವೆದು ತೂತು ದೊಡ್ಡದಾಗಿತ್ತು, ಗಂಟು ಒಳಗೇ ಜಾರುತ್ತಿತ್ತು. “ತಂತಿಗೆ ಹಾಕಬಹುದು” ಅಂದರು. ಫೋನಿನಲ್ಲಿ ಹೇಳಿದರೆ ಅಮ್ಮನದು ಒಂದೇ ಮಾತು: “ಒಗಿಬ್ಯಾಡವ್ವ, ಏನರೆ ಮಾಡು.”

ನನ್ನ ಗುರು ಪಿಜಿಯ ಗೆಳತಿ. ಬೇಕಾದ ಸಾಮಾನು ಮೂರೇ: ದುಂಡು ಮೂತಿಯ ಪ್ಲೈಯರ್, ಚಪ್ಪಟೆ ಮೂತಿಯದೊಂದು, ಸಣ್ಣ ಕಟರ್. ತಂತಿಯ ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಂತಿ ತೆಳು. ಸಿಹಿನೀರಿನ ಮುತ್ತಿನ ತೂತು ಸಣ್ಣದು, ಅದಕ್ಕೆ 24 ಗೇಜ್, ಅಂದರೆ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ದಪ್ಪದ್ದು ಸರಿಹೋಗುತ್ತದೆ. ಮೊದಲು ತಾಮ್ರದ ತಂತಿ, ಕೈ ಕೂತ ಮೇಲೆ ಬೆಳ್ಳಿ.

ಕೆಲಸ ಹೀಗೆ. ಗುಂಡುಪಿನ್ನಿನ ಹಾಗೆ ತಲೆಯಿರುವ ತಂತಿಗೆ ಮುತ್ತು ಹಾಕಿ. ಮುತ್ತಿನ ಮೇಲೆ ಎರಡು ಮಿಲಿಮೀಟರ್ ಬಿಟ್ಟು ಚಪ್ಪಟೆ ಪ್ಲೈಯರಿನಲ್ಲಿ ಹಿಡಿದು ತಂತಿಯನ್ನು ಅಡ್ಡ ಬಗ್ಗಿಸಿ. ದುಂಡು ಪ್ಲೈಯರಿನ ಮೂತಿಗೆ ಸುತ್ತಿ ಕುಣಿಕೆ ಮಾಡಿ. ಕುಣಿಕೆಯನ್ನು ಗಟ್ಟಿಯಾಗಿ ಹಿಡಿದು, ಉಳಿದ ಬಾಲವನ್ನು ಬಿಟ್ಟಿದ್ದ ಆ ಎರಡು ಮಿಲಿಮೀಟರಿನಲ್ಲಿ ಎರಡು ಮೂರು ಸುತ್ತು ಸುತ್ತಿ. ಕತ್ತರಿಸಿ, ತುದಿಯನ್ನು ಒಳಕ್ಕೆ ಒತ್ತಿ. ಇಲ್ಲದಿದ್ದರೆ ಕೂದಲಿಗೆ, ದುಪಟ್ಟಾಕ್ಕೆ ಸಿಕ್ಕಿಕೊಳ್ಳುತ್ತದೆ. ಮೊದಲ ಇಪ್ಪತ್ತು ಕುಣಿಕೆ ಯಾರದ್ದೂ ಒಂದೇ ಅಳತೆಗೆ ಬರಲ್ಲ. ಪ್ಲೈಯರಿನ ಮೂತಿ ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ. ಎಲ್ಲಿ ಸುತ್ತಬೇಕೋ ಅಲ್ಲಿ ಸ್ಕೆಚ್ ಪೆನ್ನಿನಲ್ಲಿ ಗೆರೆ ಹಾಕಿಕೊಂಡರೆ ಕುಣಿಕೆಗಳು ಅವಳಿ-ಜವಳಿ ಆಗುತ್ತವೆ.

ಕೊನೆಯ ಸುತ್ತು ಮಾತ್ರ ನಿಧಾನ. ತಂತಿ ಬಿಗಿದು ಎಳೆದರೆ ತೂತಿನ ಅಂಚಿನಲ್ಲಿ ಮುತ್ತಿನ ಪದರ ಕಿತ್ತುಬರುತ್ತದೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಎರಡನೇ ಸಲ ಪತ್ತರ್‌ಗಟ್ಟಿಗೆ ಹೋದಾಗ ಆ ಹಿರಿಯರು ನನ್ನ ಕೈ ನೋಡಿ ದಖನಿಯಲ್ಲಿ, “ಜಲ್ದಿ ನಕ್ಕೋ ಬೇಟಿ” ಅಂದರು. ಅವಸರ ಬೇಡ ಅಂತ. ಈ ಕಸುಬಿಗೆ ಮನೆಯಲ್ಲಿ ಮುಂದೆ ಯಾರು ಅಂತ ಕೇಳಿದೆ. ಮಗ ಡೆಲಿವರಿ ಕೆಲಸಕ್ಕೆ ಹೋಗ್ತಾನಂತೆ. “ಅಲ್ಲಿ ದಿನದ ದುಡ್ಡು ದಿನಕ್ಕೆ ಸಿಗ್ತದೆ” ಅಂದು ಮತ್ತೆ ಗಂಟಿನ ಮೇಲೆ ಬಾಗಿದರು.

ಎರಡು ತಿಂಗಳು ಸೊಟ್ಟ ಮುತ್ತುಗಳ ಮೇಲೆ ಕೈ ಪಳಗಿಸಿದ ಮೇಲೆ ಅಮ್ಮನ ಎರಡು ಮುತ್ತು ಕೈಗೆತ್ತಿಕೊಂಡೆ. ತೂತು ದೊಡ್ಡದಿದ್ದುದರಿಂದ ಕೆಳಗೆ ಸಾಸಿವೆ ಗಾತ್ರದ ಬೆಳ್ಳಿ ಗುಂಡು ಇಟ್ಟು ಸುತ್ತಿದೆ. ಎರಡಕ್ಕೆ ಮುಕ್ಕಾಲು ತಾಸು ಹಿಡಿಯಿತು. ಅಮ್ಮ ಅವನ್ನು ನಾಗರ ಪಂಚಮಿಗೆ ಹಾಕಿಕೊಂಡಳು. ಚಂದ ಅಂತ ಹೇಳಲಿಲ್ಲ, ಓಣಿಯವರಿಗೆಲ್ಲ ತೋರಿಸಿದಳು.

ಆ ಮುಕ್ಕಾಲು ತಾಸು ನನಗೆ ಬಿಲ್ಲು ಓದೋದನ್ನು ಕಲಿಸಿತು. ಅಮ್ಮನ ಸರದಲ್ಲಿ ಅರವತ್ತಕ್ಕೂ ಹೆಚ್ಚು ಗಂಟು. ಅದಕ್ಕೆ ಅವರು ಕೇಳಿದ ಕೂಲಿ ನಮ್ಮ ಆಫೀಸಿನ ಕೆಳಗೆ ಎರಡು ಕಾಫಿಗೆ ಕೊಡುವಷ್ಟೂ ಇರಲಿಲ್ಲ. ನೀವು ಹೋದಾಗ ಮುತ್ತಿನ ಬೆಲೆಯಲ್ಲಿ ಧಾರಾಳವಾಗಿ ಚೌಕಾಶಿ ಮಾಡಿ, ನಾಲ್ಕು ಅಂಗಡಿ ಸುತ್ತಿ. ಪೋಣಿಸುವ ಕೂಲಿಯಲ್ಲಿ ಮಾತ್ರ ಬೇಡ.

ಹೊರಡುವವರಿಗೆ: ಹನ್ನೊಂದರ ಮೇಲೆ ಹೋಗಿ, ಶುಕ್ರವಾರ ಮಧ್ಯಾಹ್ನ ಮಕ್ಕಾ ಮಸೀದಿ ಸುತ್ತ ಜನ ಜಾಸ್ತಿ. ಮುತ್ತನ್ನು ಹಗಲ ಬೆಳಕಿಗೆ ಹಿಡಿದು ಆರಿಸಿ. ಮನೆಯಲ್ಲಿ ಸೆಂಟು, ಪೌಡರ್ ಎಲ್ಲ ಮುಗಿದ ಮೇಲೆ ಮುತ್ತು ಹಾಕಿಕೊಳ್ಳಿ, ಬಿಚ್ಚುವಾಗ ಅದನ್ನೇ ಮೊದಲು ಬಿಚ್ಚಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿಡಿ. ಮನೆಯ ಡಬ್ಬಿಯಲ್ಲಿ ಹರಿದ ಸರ ಇದ್ದರೆ ಅದನ್ನೂ ಜೊತೆಗೆ ಒಯ್ಯಿರಿ.