ಸೀಸೆಯೊಳಗಿನ ಜೀವ

ಜೋಳವನ್ನು ಕೊಳ್ಳುವಾಗ ಅದು ಯಾವ ಸೀಮೆಯದೆಂದು ಕೇಳುತ್ತೇವೆ. ಸೀರೆಯನ್ನು ಕೊಳ್ಳುವಾಗ ಯಾವ ಊರಿನ ನೇಯ್ಗೆಯೆಂದು ವಿಚಾರಿಸುತ್ತೇವೆ. ಔಷಧದ ಸೀಸೆಯನ್ನು ಮಾತ್ರ ಕುಲಗೋತ್ರ ಕೇಳದೆ ಮನೆಗೆ ತರುತ್ತೇವೆ. ವೈದ್ಯರು ಬರೆದರು, ಅಂಗಡಿಯವನು ಕೊಟ್ಟನು, ನಾವು ತಂದೆವು. ಅಲ್ಲಿಗೆ ನಮ್ಮ ಜಿಜ್ಞಾಸೆ ಮುಗಿಯಿತು. ಆದರೆ ಕೆಲವು ಔಷಧಗಳ ಹುಟ್ಟನ್ನೂ ಸ್ವಭಾವವನ್ನೂ ಅರಿಯದೆ ಅವನ್ನು ಬಳಸುವುದು ಹಾನಿಗೆ ಕಾರಣವಾಗುತ್ತದೆ. ಇನ್ಸುಲಿನ್ ಅಂಥವುಗಳಲ್ಲೊಂದು.

ಅಫಜಲಪುರ ತಾಲೂಕಿನಲ್ಲಿ ಭೀಮೆಯ ದಂಡೆಯ ಮೇಲಿರುವ ಘತ್ತರಗಿಯನ್ನು ವಾಚಕರಲ್ಲಿ ಅನೇಕರು ಭಾಗ್ಯವಂತಿ ದೇವಿಯ ಕ್ಷೇತ್ರವೆಂದು ಬಲ್ಲರು. ನನಗೆ ಅದು ದೊಡ್ಡವ್ವನ ಊರು. ಬಹುಕಾಲದ ಸಕ್ಕರೆ ಬೇನೆಯಿಂದ ಆಕೆಗೆ ದಿನಕ್ಕೆರಡು ಸಲ ಸೂಜಿ ಅನಿವಾರ್ಯವಾಯಿತು. ಒಂದು ವೈಶಾಖದಲ್ಲಿ, ಹೊತ್ತು ತಪ್ಪದೆ ಚುಚ್ಚಿಕೊಳ್ಳುತ್ತಿದ್ದರೂ ಆಕೆಯ ರಕ್ತದ ಸಕ್ಕರೆ ಏರುತ್ತಲೇ ಹೋಯಿತು. ಪ್ರಮಾಣವನ್ನು ಹೆಚ್ಚಿಸಿದ್ದಾಯಿತು, ಊಟವನ್ನು ಕಡಮೆ ಮಾಡಿದ್ದಾಯಿತು. ದೇಹ ಸೊರಗಿತು, ಕಣ್ಣು ಮಂಜಾಯಿತು. ಕಡೆಗೆ ವೈದ್ಯರು, "ಸೀಸೆಯನ್ನು ಎಲ್ಲಿಡುತ್ತೀರಿ?" ಎಂದು ಕೇಳಿದರು. ಅದು ತಗಡಿನ ಮಾಳಿಗೆಯ ಕೆಳಗೆ ಗೋಡೆಯ ಗೂಡಿನಲ್ಲಿತ್ತು. ಹೊರಗೆ 40 ಡಿಗ್ರಿಗೆ ಮಿಕ್ಕ ಬಿಸಿಲು. ಔಷಧದ ಹೆಸರು ಉಳಿದಿತ್ತು, ಜೀವ ಹೋಗಿತ್ತು.

ಇನ್ಸುಲಿನ್ನಿಗೆ ಜೀವವೆನ್ನುವುದು ಬರಿಯ ಅಲಂಕಾರವಲ್ಲ. ಅದು ನಮ್ಮ ಮೇದೋಜೀರಕ ಗ್ರಂಥಿಯಲ್ಲಿ ಉಂಟಾಗುವ ಪ್ರೋಟೀನು. 1921ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬಿಬ್ಬರು ಅದನ್ನು ನಾಯಿಯ ಗ್ರಂಥಿಯಿಂದ ತೆಗೆದರು. 1922ರ ಜನವರಿಯಲ್ಲಿ 14 ವರ್ಷದ ಬಾಲಕನೊಬ್ಬನಿಗೆ ಮೊದಲ ಸಲ ಚುಚ್ಚಲಾಯಿತು. ಶೋಧಕರು ತಮ್ಮ ಹಕ್ಕನ್ನು ತಲಾ 1 ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಮುಂದೆ ಸುಮಾರು 60 ವರ್ಷ ಈ ಔಷಧವು ದನ ಹಂದಿಗಳ ಗ್ರಂಥಿಗಳಿಂದಲೇ ಬರುತ್ತಿದ್ದಿತು. ಸೂಕ್ಷ್ಮಜೀವಿಗಳಿಂದ ಮಾಡಿಸಿದ ಮಾನವ ಇನ್ಸುಲಿನ್ನಿಗೆ ಅಮೆರಿಕೆಯಲ್ಲಿ ಅನುಮತಿ ದೊರೆತದ್ದು 1982ರಲ್ಲಿ.

ಇಂಥ ಔಷಧವನ್ನು ನಮ್ಮ ರಾಜ್ಯದಲ್ಲಿಯೇ ತಯಾರಿಸುವ ಸಂಸ್ಥೆ ಬೆಂಗಳೂರಿನ ಬಯೋಕಾನ್. ಅದರ ಚರಿತ್ರೆ ವಿಚಿತ್ರವಾದುದು. ಅದನ್ನು ಕಟ್ಟಿದ ಕಿರಣ್ ಮಜುಂದಾರ್ ಅವರು ಆಸ್ಟ್ರೇಲಿಯಾದ ಬ್ಯಾಲರಾಟಿನಲ್ಲಿ ಕಲಿತದ್ದು ಔಷಧವಿದ್ಯೆಯನ್ನಲ್ಲ, ಬಿಯರ್ ತಯಾರಿಸುವ ವಿದ್ಯೆಯನ್ನು. ಆ ಕೆಲಸಕ್ಕೆ ಹೆಂಗಸು ತಕ್ಕವಳಲ್ಲವೆಂದು ಸ್ವದೇಶದಲ್ಲಿ ಬಾಗಿಲು ಮುಚ್ಚಿದುದರಿಂದ, ಐರ್ಲೆಂಡಿನ ಒಂದು ಸಂಸ್ಥೆಯೊಡನೆ ಪಾಲುಗೂಡಿ, 1978ರಲ್ಲಿ, ತಮ್ಮ 25ನೆಯ ವಯಸ್ಸಿನಲ್ಲಿ, 10,000 ರೂಪಾಯಿ ಬಂಡವಾಳದಿಂದ, ಬಾಡಿಗೆ ಮನೆಯ ಮೋಟಾರುಶಾಲೆಯಲ್ಲಿ ಉದ್ಯಮವನ್ನು ಹೂಡಿದರು. ಬ್ಯಾಂಕುಗಳು ಸಾಲ ಕೊಡಲು ಹಿಂಜರಿದವು. ಮೊದಲ ಸರಕುಗಳೆಂದರೆ ಪಪ್ಪಾಯಿಯ ಹಾಲಿನಿಂದ ತೆಗೆದ ಕಿಣ್ವ ಮತ್ತು ಬಿಯರನ್ನು ತಿಳಿಗೊಳಿಸಲು ಬಳಸುವ, ಮೀನಿನ ಗಾಳಿಚೀಲದಿಂದ ತೆಗೆದ ಅಂಟು. 1989ರಲ್ಲಿ ಐರಿಷ್ ಪಾಲುದಾರ ಸಂಸ್ಥೆಯು ಯೂನಿಲಿವರಿನ ವಶವಾಯಿತು. 1998ರಲ್ಲಿ ವಿದೇಶೀ ಪಾಲನ್ನು ಮರಳಿ ಕೊಂಡ ಮೇಲೆಯೇ ಬಯೋಕಾನ್ ಸ್ವತಂತ್ರವಾದದ್ದು.

ಕಿಣ್ವದ ಕೆಲಸ ಕಲಿಸಿದ್ದು ಒಂದೇ ಮಾತು: ಕಣ್ಣಿಗೆ ಕಾಣದ ಜೀವಿಯನ್ನು ಉಕ್ಕಿನ ಹಂಡೆಯಲ್ಲಿ ಸಾಕಿ ಅದರಿಂದ ದುಡಿಸಿಕೊಳ್ಳುವುದು. ಅದೇ ಹುದುಗಿನ ವಿದ್ಯೆ ಇನ್ಸುಲಿನ್ನಿಗೂ ದಾರಿ ತೋರಿತು. ಪಿಕಿಯಾ ಎಂಬ ಯೀಸ್ಟಿನಲ್ಲಿ ಮಾನವ ಇನ್ಸುಲಿನ್ನಿನ ಜೀನನ್ನು ಸೇರಿಸಿ ಬೆಳೆಸಿ, ಬಂದುದನ್ನು ಹಲವು ಹಂತಗಳಲ್ಲಿ ಶೋಧಿಸಿ, 2004ರಲ್ಲಿ 'ಇನ್ಸುಜೆನ್' ಎಂಬ ಹೆಸರಿನಿಂದ ಮಾರಾಟಕ್ಕೆ ತಂದರು. ತನ್ನ ಹುಟ್ಟಿಗೆ ಕಾರಣವಾದ ಕಿಣ್ವದ ವ್ಯಾಪಾರವನ್ನು ಸಂಸ್ಥೆಯು 2007ರಲ್ಲಿ ಡೆನ್ಮಾರ್ಕಿನ ನೊವೊಜೈಮ್ಸಿಗೆ ಮಾರಿಬಿಟ್ಟಿತು. ಅದರ ಗ್ಲಾರ್ಜಿನ್ ಇನ್ಸುಲಿನ್ನಿಗೆ 2020ರಲ್ಲಿ ಅಮೆರಿಕೆಯ ಅನುಮತಿ ಸಿಕ್ಕಿತು. 2021ರಲ್ಲಿ, ಮೂಲ ಔಷಧದ ಬದಲು ಅಂಗಡಿಯವರೇ ಕೊಡಬಹುದಾದ ಮೊದಲ ಇನ್ಸುಲಿನ್ ಎಂಬ ಮಾನ್ಯತೆಯೂ ಬಂದಿತು.

ವ್ಯಾಪಾರವು ಧರ್ಮಛತ್ರವಲ್ಲವೆಂಬುದು ನಿಜ. ಆದರೆ ಇನ್ಸುಲಿನ್ನಿನ ಜಗದ್ವ್ಯಾಪಾರದ ಬಹುಭಾಗವು ಮೂರೇ ಸಂಸ್ಥೆಗಳ ಕೈಯಲ್ಲಿರುವಾಗ ನಾಲ್ಕನೆಯವನೊಬ್ಬ ಸಂತೆಗೆ ಬಂದರೆ ಕೊಳ್ಳುವವನಿಗೆ ಹಿತವೇ. ಬಡ ಮತ್ತು ಮಧ್ಯಮ ವರಮಾನದ ದೇಶಗಳಿಗೆ ದಿನವೊಂದಕ್ಕೆ 10 ಅಮೆರಿಕನ್ ಸೆಂಟಿಗಿಂತ ಕಡಮೆ ಬೆಲೆಗೆ ಮಾನವ ಇನ್ಸುಲಿನ್ ಒದಗಿಸುವುದಾಗಿ ಬಯೋಕಾನ್ 2019ರಲ್ಲಿ ಸಾರಿತು. 1 ಡಾಲರಿಗೆ ಹಕ್ಕನ್ನು ಬಿಟ್ಟುಕೊಟ್ಟವರ ಆಶಯಕ್ಕೆ ಇದು ಹತ್ತಿರದ ಮಾತು.

ಆದರೆ ಬೆಲೆ ಇಳಿದ ಮಾತ್ರಕ್ಕೆ ಔಷಧವು ರೋಗಿಯನ್ನು ಮುಟ್ಟಿದಂತಾಗುವುದಿಲ್ಲ. ಕಾರ್ಖಾನೆಯಲ್ಲಿ, ಬಂಡಿಯಲ್ಲಿ, ಅಂಗಡಿಯಲ್ಲಿ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿ ಕಾಯುತ್ತಾರೆ. ಆ ಸರಪಳಿಯ ಕೊನೆಯ ಕೊಂಡಿ ನಮ್ಮ ಮನೆ. ಅದು ಕಳಚಿದರೆ ಹಿಂದಿನವರ ದುಡಿಮೆಯೆಲ್ಲ ವ್ಯರ್ಥ. ಬಳಕೆಗೆ ತೆಗೆದ ಸೀಸೆಯು 25–30 ಡಿಗ್ರಿ ಮೀರದಲ್ಲಿ ಸುಮಾರು 4 ವಾರ ಬಾಳುತ್ತದೆ. ಮಂಜುಗಟ್ಟಿದರೂ ಅದು ಕೆಟ್ಟಂತೆಯೇ.

ವಿದ್ಯುತ್ತು ನಿಲ್ಲುವ ಊರಿನಲ್ಲಿ ದೊಡ್ಡವ್ವ ಫ್ರಿಜ್ಜೊಂದನ್ನೇ ನಂಬಲಿಲ್ಲ. ದೊಡ್ಡ ಗಡಿಗೆಯೊಳಗೆ ಭೀಮೆಯ ಹಸಿ ಮರಳನ್ನು ತುಂಬಿ, ನಡುವೆ ಚಿಕ್ಕ ಗಡಿಗೆಯನ್ನು ಹೂತು, ನಿತ್ಯ ನೀರು ಚಿಮುಕಿಸಿ, ಬಳಕೆಯ ಸೀಸೆಯನ್ನು ಅದರಲ್ಲಿಟ್ಟಳು. ನೀರು ಆರುವಾಗ ಗಡಿಗೆಯ ಶಾಖವನ್ನು ಹೀರಿಕೊಂಡು ಹೋಗುತ್ತದೆ. ನಮ್ಮ ಸೀಮೆಯ ಒಣ ಗಾಳಿಯಲ್ಲಿ ಈ ಉಪಾಯ ಚೆನ್ನಾಗಿ ಫಲಿಸುತ್ತದೆ. "ಹಾಲು ಕಾಸಿದ್ರ ಉಳಿತದ ತಮ್ಮಾ, ಇದು ಕಾದ್ರ ಕೆಡ್ತದ," ಎಂದು ನೆರೆಯವರಿಗೂ ನನಗೂ ಆಕೆ ಹೇಳುತ್ತಿದ್ದಳು. ಎರಡು ತಿಂಗಳಲ್ಲಿ ಆಕೆಯ ಸಕ್ಕರೆ ಹತೋಟಿಗೆ ಬಂದಿತು. ಮಂಜಾದ ಕಣ್ಣು ಮಾತ್ರ ಪೂರ್ಣವಾಗಿ ತಿಳಿಯಾಗಲಿಲ್ಲ.

ವೈದ್ಯನು ಔಷಧವನ್ನು ಬರೆದು ಕೊಡುವಾಗ, ಅಂಗಡಿಯವನು ಕಟ್ಟಿ ಕೊಡುವಾಗ, "ಮನೆಯಲ್ಲಿ ಇದನ್ನು ಎಲ್ಲಿಡುವಿರಿ?" ಎಂಬ ಒಂದು ಪ್ರಶ್ನೆಯನ್ನು ಕೇಳುವ ರೂಢಿ ಬಿದ್ದರೆ ಸಾಕು. ಅದಕ್ಕೆ ಬಂಡವಾಳ ಬೇಡ, ಕಾರ್ಖಾನೆ ಬೇಡ. ಓದುಬಲ್ಲ ಮನೆಗಳವರು ತಮ್ಮ ಓಣಿಯ ಓದು ಬಾರದವರಿಗೆ ಇಷ್ಟನ್ನು ತಿಳಿಸಿಕೊಟ್ಟರೆ ಎಷ್ಟೋ ಕಣ್ಣುಗಳು ಉಳಿದಾವು.